ಕಿಟಕಿ–ಬಾಗಿಲಿಗೆ ಯಾವ ಮರ, ಎಲ್ಲಿ ಮರವೇ ಬೇಡ

ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಕೇಳುವುದು "ತೇಗ ಹಾಕಿಸಲೋ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕಿಸಲೋ" ಎಂದು. ಇಡೀ ಮನೆಗೆ ಒಂದೇ ಉತ್ತರ ಇಲ್ಲ. ಮಳೆ ನೇರವಾಗಿ ಬಡಿಯುವ ಪಶ್ಚಿಮದ ಕಿಟಕಿ, ಸಜ್ಜಾದ ಕೆಳಗಿರುವ ಮುಂಬಾಗಿಲು, ಒಳಕೋಣೆಯ ಬಾಗಿಲು, ಬಚ್ಚಲಿನ ಬಾಗಿಲು ಇವು ಒಂದೊಂದಕ್ಕೂ ಬೇಕಾದ ಗುಣ ಬೇರೆ. ಎಲ್ಲಕ್ಕೂ ಒಂದೇ ಸಾಮಗ್ರಿ ಹಾಕಿದರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ಬಾಳಿಕೆಗೆ ಪೆಟ್ಟು. ನಾಲ್ಕೈದು ವರ್ಷದಲ್ಲೇ ಕೆಟ್ಟ ಮರದ ಕಿಟಕಿಯನ್ನು ಬಿಚ್ಚಿ ನೋಡಿದರೆ ಮರದ ಜಾತಿಯೇ ತಪ್ಪಾಗಿರುವುದು ಅಪರೂಪ. ಹಸಿ ಮರ, ಚೇಗಿಲ್ಲದ (ಮರದ ಗಟ್ಟಿ ನಡುಭಾಗವೇ ಚೇಗು) ಬಿಳಿ ಭಾಗ, ನೀರು ನಿಲ್ಲುವ ಕೆಳಪಟ್ಟಿ, ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ.

ಮೊದಲು ತೆರೆಯುವ ಬಗೆ, ಆಮೇಲೆ ಸಾಮಗ್ರಿ

ಆರೋಗ್ಯದ ದೃಷ್ಟಿಯಿಂದ ಕಿಟಕಿಯ ಮೊದಲ ಕೆಲಸ ಗಾಳಿ ಆಡಿಸುವುದು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಇದನ್ನು ಲೆಕ್ಕಕ್ಕೆ ಇಳಿಸಿದೆ. ಕೀಲಿನ ಮೇಲೆ ಪೂರ್ತಿ ತೆರೆಯುವ ಪಡಿಗಳ ಕಿಟಕಿಯಲ್ಲಿ ಶೇ. 90ರಷ್ಟು ಜಾಗ ಗಾಳಿಗೆ ಸಿಗುತ್ತದೆ, ಎರಡು ಪಟ್ಟಿಯ ಸ್ಲೈಡಿಂಗ್‌ನಲ್ಲಿ ಶೇ. 50, ಮೂರು ಪಟ್ಟಿಯದರಲ್ಲಿ ಶೇ. 67. ಮನೆಯ ಒಟ್ಟು ನೆಲದ ವಿಸ್ತೀರ್ಣಕ್ಕೆ ಹೋಲಿಸಿದರೆ ಹೊರಗೆ ತೆರೆಯುವ ಜಾಗ ಮಂಗಳೂರಿನಂಥ ಬೆಚ್ಚನೆ–ತೇವದ ವಲಯದಲ್ಲಿ ಶೇ. 16.66, ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ಶೇ. 12.5 ಇರಬೇಕು.

1000 ಚದರ ಅಡಿ ನೆಲದ ಮನೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ 125 ಚದರ ಅಡಿ ತೆರೆಯಬೇಕು. 4×4 ಅಡಿಯ ಪಡಿ ಕಿಟಕಿ ಒಂದಕ್ಕೆ 14.4 ಚದರ ಅಡಿ ಸಿಗುವುದರಿಂದ ಒಂಬತ್ತು ಕಿಟಕಿ ಸಾಕು. ಅದೇ ಅಳತೆಯ ಎರಡು ಪಟ್ಟಿಯ ಸ್ಲೈಡಿಂಗ್‌ನಲ್ಲಿ ಸಿಗುವುದು 8 ಚದರ ಅಡಿ, ಹಾಗಾಗಿ ಹದಿನಾರು ಬೇಕು. ಮಂಗಳೂರಿನಲ್ಲಿ ಹನ್ನೆರಡಕ್ಕೆ ಇಪ್ಪತ್ತೊಂದು. ಬಾಲ್ಕನಿಗೆ, ಹಿತ್ತಲಿಗೆ ತೆರೆಯುವ ಬಾಗಿಲುಗಳೂ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೂ ಸ್ಲೈಡಿಂಗ್ ಆರಿಸಿದಾಗಲೇ ಅರ್ಧ ಗಾಳಿ ಬಿಟ್ಟುಕೊಟ್ಟಂತೆ. ಯುಪಿವಿಸಿ, ಅಲ್ಯೂಮಿನಿಯಂಗಳಲ್ಲೂ ಕೀಲಿನ ಪಡಿ ಸಿಗುತ್ತದೆ. ಸ್ಲೈಡಿಂಗ್ ಅಗ್ಗವಾದ್ದರಿಂದ ಅಂಗಡಿಯವರು ಅದನ್ನೇ ಮೊದಲು ತೋರಿಸುತ್ತಾರೆ, ಅಷ್ಟೆ.

ಪಡಿ ಕಿಟಕಿಗೆ ಸೊಳ್ಳೆ ಪರದೆಯ ಯೋಚನೆ ಮೊದಲೇ ಆಗಬೇಕು. ಗಾಜಿನ ಪಡಿ ಹೊರಕ್ಕೆ, ನಡುವೆ ಸರಳು, ಪರದೆಯ ಪಡಿ ಒಳಕ್ಕೆ ಎಂದು ಜೋಡಿಸಿದರೆ ಎರಡೂ ಸಲೀಸು. ಇದಕ್ಕೆ ಚೌಕಟ್ಟಿನ ಅಗಲ ಕನಿಷ್ಠ 5 ಇಂಚು ಬೇಕು. 4 ಇಂಚಿನದರಲ್ಲಿ ಎರಡು ಗಾಡಿ (ಪಡಿ ಕೂರುವ ತೋಡು), ನಡುವೆ ಸರಳು ಕೂರಿಸಲು ಹೋದರೆ ಮರ ಸೊರಗುತ್ತದೆ. ಕಟ್ಟಿದ ಮೇಲೆ ಪರದೆ ನೆನಪಾದವರು ಚೌಕಟ್ಟಿಗೆ ವೆಲ್ಕ್ರೋ ಅಂಟಿಸುತ್ತಾರೆ. ಆಮೇಲೆ ಪ್ರತಿ ಸಲ ಕಿಟಕಿ ತೆರೆಯಲು ಪರದೆ ಕಿತ್ತು ಸಾಕಾಗಿ ಕಿಟಕಿಯನ್ನೇ ತೆರೆಯುವುದಿಲ್ಲ.

ಮರ, ಅಲ್ಯೂಮಿನಿಯಂ, ಯುಪಿವಿಸಿ

ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಹರಿಸುತ್ತದೆ. ಯುಪಿವಿಸಿ ಈ ವಿಷಯದಲ್ಲಿ ಹೆಚ್ಚುಕಡಿಮೆ ಮರಕ್ಕೆ ಸಮ. ಹಾಗಂತ ಮರದ ಚೌಕಟ್ಟು ಹಾಕಿದ ಮಾತ್ರಕ್ಕೆ ಮನೆ ತಂಪಾಗುತ್ತದೆ ಎಂದುಕೊಳ್ಳಬೇಡಿ. ಬಿಸಿಲು ಒಳಗೆ ಬರುವುದು ಗಾಜಿನ ಮೂಲಕ. ನಮ್ಮ ಹವೆಯಲ್ಲಿ ಎರಡು ಅಡಿಯ ಸಜ್ಜಾ ಮಾಡುವ ಕೆಲಸವನ್ನು ಯಾವ ಚೌಕಟ್ಟೂ ಮಾಡುವುದಿಲ್ಲ. ಚೌಕಟ್ಟಿನ ವ್ಯತ್ಯಾಸ ಗೊತ್ತಾಗುವುದು ಎಸಿ ಕೋಣೆಯಲ್ಲಿ: ಕರಾವಳಿಯಲ್ಲಿ ಅಲ್ಯೂಮಿನಿಯಂ ಹೊರಬದಿಯಲ್ಲಿ ಬೆವರುತ್ತದೆ.

ಪರಿಸರದ ಲೆಕ್ಕದಲ್ಲಿ ಅಂತರ ದೊಡ್ಡದು. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಗುಜರಿಯಿಂದ ಕರಗಿಸಿದರೆ ಅದರ ಒಂದು ಸಣ್ಣ ಪಾಲು ಸಾಕು. ಯುಪಿವಿಸಿಗೆ ಬಣ್ಣ ಬೇಡ, ಗೆದ್ದಲಿನ ಭಯವಿಲ್ಲ. ಆದರೆ ಒಳಗೆ ಉಕ್ಕಿನ ಪಟ್ಟಿ ಇಲ್ಲದಿದ್ದರೆ ಅಗಲದ ಪಡಿ ಜೋತುಬೀಳುತ್ತದೆ, ಕತ್ತರಿಸಿದ ತುದಿಯಲ್ಲಿ ಆ ಉಕ್ಕು ತುಕ್ಕು ಹಿಡಿಯುತ್ತದೆ, ಮೂಲೆಯ ಬೆಸುಗೆ ಬಿಟ್ಟರೆ ಪಡಿಯನ್ನೇ ಬದಲಿಸಬೇಕು. ಕೊಳ್ಳುವುದಾದರೆ ಸೀಸವಿಲ್ಲದ, ಕ್ಯಾಲ್ಸಿಯಂ–ಜಿಂಕ್ ಸ್ಥಿರಕಾರಿಯ ಪ್ರೊಫೈಲ್ ಎಂದು ಬರೆಸಿಕೊಳ್ಳಿ. ತುಂಡುಗಳನ್ನು ಸುಡಲು ಬಿಡಬೇಡಿ, ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಮರದ ಪಡಿಯ ಕೆಳಮೂಲೆ ಕೊಳೆತರೆ ಊರಿನ ಬಡಗಿ ಅಷ್ಟು ಕತ್ತರಿಸಿ ಹೊಸ ತುಂಡು ಸೇರಿಸಿ ಕೊಡುತ್ತಾನೆ. ಮರಕ್ಕಿರುವ ದೊಡ್ಡ ಅನುಕೂಲ ಇದೇ.

ಯಾವ ಮರ

ತೇಗ ಅಥವಾ ಸಾಗುವಾನಿಗೆ ಬೆಲೆ ಬಂದಿರುವುದು ಗಟ್ಟಿತನಕ್ಕಲ್ಲ, ಅಲುಗದಿರುವ ಗುಣಕ್ಕೆ. ಒಣ–ತೇವದ ಏರಿಳಿತಕ್ಕೆ ಅದು ಕಡಿಮೆ ಉಬ್ಬಿ ಕಡಿಮೆ ಕುಗ್ಗುತ್ತದೆ, ಚೇಗಿನಲ್ಲಿ ಎಣ್ಣೆಯಂಶ ಇದೆ. ಆದರೆ ಈ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ಸುತ್ತಲಿನ ಬಿಳಿ ಭಾಗ ಯಾವ ಅಗ್ಗದ ಮರಕ್ಕೂ ಮೇಲಲ್ಲ, ಕುಟ್ಟೆ ಹಿಡಿಯುತ್ತದೆ. ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಪುಗಳಿಂದ ಬರುವ ಎಳೆ ತೇಗದಲ್ಲಿ ಬಿಳಿ ಭಾಗದ ಪಾಲು ಹೆಚ್ಚು. ಅದೂ ತೇಗವೇ, ಆರಿಸಿ ತೆಗೆದರೆ ಒಳ್ಳೆಯ ಕಿಟಕಿಯಾಗುತ್ತದೆ. ಆದರೆ "ತೇಗ" ಎಂಬ ಹೆಸರಿಗೇ ದುಡ್ಡು ಕೊಡಬೇಡಿ. ಪ್ರತಿ ತುಂಡಿನ ಕೊಯ್ದ ತುದಿಯನ್ನು ನೋಡಿ. ಅಲ್ಲಿ ಚೇಗು ಕಂದು, ಬಿಳಿ ಭಾಗ ತೆಳು ಹಳದಿಯಾಗಿ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಅಂಗಡಿಯಲ್ಲಿ ಮೊದಲೇ ಬಣ್ಣ ಬಳಿದಿಟ್ಟಿದ್ದರೆ ತುದಿಯಿಂದ ಅರ್ಧ ಇಂಚು ಕತ್ತರಿಸಿ ತೋರಿಸಲು ಹೇಳಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿದೆ. ಈಗ "ಬರ್ಮಾ ದಿಮ್ಮಿ" ಎನ್ನುವವರ ಹತ್ತಿರ ಕಾಗದ ಕೇಳಿ. ನಮ್ಮದೇ ದಾಂಡೇಲಿ, ಕಿರವತ್ತಿಯ ಅರಣ್ಯ ಡಿಪೋಗಳಲ್ಲಿ ಹರಾಜಾಗುವ ತೇಗಕ್ಕೆ ಮೂಲದ ಬಗ್ಗೆ ಅನುಮಾನ ಪಡಬೇಕಾಗಿಲ್ಲ.

ಕರಾವಳಿ, ಮಲೆನಾಡಿನವರಿಗೆ ನಾವು ಮೊದಲು ಹೇಳುವುದು ಹಲಸು. ಘನ ಮೀಟರಿಗೆ 600 ಕಿಲೋ ಆಸುಪಾಸಿನ ಹಗುರ ಮರ, ಚೇಗಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ, ತೋಟದಲ್ಲೇ ಸಿಗುತ್ತದೆ. ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ಎಳೆ ಹೆಣೆದುಕೊಂಡಿರುವುದರಿಂದ ಹತ್ತರಿ ಹೊಡೆಯುವಾಗ ಅಲ್ಲಲ್ಲಿ ಸಿಬಿರು ಏಳುತ್ತದೆ. ಹರಿತ ಮಾಡಿದ ಅಲಗು, ತೆಳು ಪದರ, ಇಷ್ಟರಲ್ಲಿ ಅದು ಸರಿಹೋಗುತ್ತದೆ.

ಹೊನ್ನೆ ಗಟ್ಟಿ, ಬಾಳಿಕೆಯ ಮರ, ಆದರೆ ನೆನೆದರೆ ಹಳದಿ–ಕಂದು ಬಣ್ಣ ಬಿಡುತ್ತದೆ. ಸುಣ್ಣ ಬಳಿದ ಗೋಡೆಯ ಮೇಲೆ ಚೌಕಟ್ಟಿನ ಕೆಳಗೆ ಇಳಿದ ಆ ಕಲೆ ಮೇಲೆ ಎಷ್ಟು ಬಣ್ಣ ಹೊಡೆದರೂ ಮತ್ತೆ ಮೇಲೆ ಬರುತ್ತದೆ. ಪ್ಲಾಸ್ಟರ್‌ಗೆ ಮುಂಚೆಯೇ ನಾಲ್ಕೂ ಮುಖಕ್ಕೆ ಲೇಪ ಆಗಿರಲೇಬೇಕು. ಮತ್ತಿ ಘನ ಮೀಟರಿಗೆ 850 ಕಿಲೋ ದಾಟುತ್ತದೆ. ಒಣಗುವಾಗ ಬಿರುಕು ಬಿಡುವ ಸ್ವಭಾವ. ಚೌಕಟ್ಟಿಗೆ ಸರಿ, ಪಡಿಗೆ ಬೇಡ. ಲೆಕ್ಕ ನೋಡಿ: 38 ಮಿ.ಮೀ. ದಪ್ಪದ ಗಟ್ಟಿ ಹಲಗೆಯ ಮುಂಬಾಗಿಲು ತೇಗದಲ್ಲಿ 50 ಕಿಲೋ ಆದರೆ ಮತ್ತಿಯಲ್ಲಿ 65 ದಾಟುತ್ತದೆ, ಕೀಲು ಅಷ್ಟನ್ನೂ ಹೊರಬೇಕು. ಚೌಕಟ್ಟಿಗೆಂದು ಅಗ್ಗಕ್ಕೆ ಸಿಗುವ ಸಾಲ್ ಕೂಡ ಇದೇ ಬಗೆಯ ಭಾರದ ಮರ, ಚೆನ್ನಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಬೇವು ಚೆನ್ನಾಗಿ ನಡೆಯುತ್ತದೆ, ಉದ್ದದ ನೇರ ತುಂಡು ಸಿಗುವುದೇ ಕಷ್ಟ. ತೋಪಿನ ಅಕೇಶಿಯಾ ಒಳಬಾಗಿಲಿಗೆ ಸಾಕು. ಸಿಲ್ವರ್ ಓಕ್, ರಬ್ಬರ್ ಮರ ಹೊರಗೆ ಬೇಡವೇ ಬೇಡ. ಒಳಗೂ ಗಿರಣಿಯಲ್ಲೇ ಬೋರಾನ್ ಉಪಚಾರ ಆಗಿರಬೇಕು. ಬ್ರಷ್‌ನಲ್ಲಿ ಬಳಿದರೆ ಅದು ಮೇಲ್ಮೈಯಲ್ಲೇ ಉಳಿಯುತ್ತದೆ.

ಜಾತಿಯ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು.

ತೇವ: ಇಲ್ಲೇ ಗೆಲ್ಲುವುದು, ಇಲ್ಲೇ ಸೋಲುವುದು

ಮರದ ತೇವದ ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ತೇವದ ಮೇಲೆ ನಾಲ್ಕು ವಲಯ ಮಾಡಿ, 50 ಮಿ.ಮೀ. ಮತ್ತು ಮೇಲ್ಪಟ್ಟ ದಪ್ಪದ ಬಾಗಿಲು–ಕಿಟಕಿ ಮರಕ್ಕೆ ಶೇ. 10ರಿಂದ 16, ಅದಕ್ಕಿಂತ ತೆಳುವಿನದಕ್ಕೆ ಶೇ. 8ರಿಂದ 14 ತೇವ ಎಂದು ಮಿತಿ ಹಾಕಿದೆ. ಒಣ ಊರಿಗೆ ಕೆಳಗಿನ ಅಂಕಿ, ಕರಾವಳಿಗೆ ಮೇಲಿನದು. ಕೊಯ್ದು ಕೆಲವೇ ವಾರವಾದ ಮರದಲ್ಲಿ ಇದರ ಎರಡು ಪಟ್ಟು ಇದ್ದರೂ ಆಶ್ಚರ್ಯವಿಲ್ಲ.

ಅಳೆಯಲು ಎರಡು ಸೂಜಿಯ ತೇವಮಾಪಕ ಸಾಕು, ಆದರೆ ಮೇಲ್ಮೈಗೆ ಚುಚ್ಚಿದರೆ ಅದು ಹೇಳುವುದು ಹೊರಪದರದ ಸುದ್ದಿಯನ್ನು. ಒಂದು ತುಂಡನ್ನು ನಡುವೆ ಕೊಯ್ಯಿಸಿ, ಹೊಸ ಮುಖದ ಮಧ್ಯಕ್ಕೆ ಚುಚ್ಚಿ. ಮಾಪಕವಿಲ್ಲದಿದ್ದರೆ ತಕ್ಕಡಿ ಮತ್ತು ಅಡುಗೆಮನೆಯ ಓವನ್ ಸಾಕು. ತುದಿಯಿಂದ ಒಂದು ಅಡಿಯಾದರೂ ಒಳಗಿನ ಭಾಗದಿಂದ ಒಂದು ಇಂಚು ದಪ್ಪದ ಚೂರು ತೆಗೆದು ತಕ್ಷಣ ತೂಗಿ. 103 ಡಿಗ್ರಿಯಲ್ಲಿ ಇಟ್ಟು ಕೆಲವು ಗಂಟೆಗೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಂತಾಗ ಕೊನೆಯ ಅಂಕಿ ಬರೆದುಕೊಳ್ಳಿ. ಮೊದಲು 118 ಗ್ರಾಂ, ಕೊನೆಗೆ 100 ಗ್ರಾಂ ಆದರೆ ತೇವ ಶೇ. 18. ಆ ಮರ ಇನ್ನೂ ಚೌಕಟ್ಟಾಗಬಾರದು.

ಗಿರಣಿಯ ಕಿಲ್ನ್‌ನಲ್ಲಿ ಒಣಗಿಸಿದ್ದನ್ನು ಕೊಂಡರೆ ಕೆಲಸ ಬೇಗ. ಸ್ವಂತ ತೋಟದ ಮರವಾದರೆ ಪಾಯ ತೋಡುವ ಹೊತ್ತಿಗೇ ಕೊಯ್ಸಿ ಇಡಬೇಕು. ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ಪದರಗಳ ನಡುವೆ ಎರಡಡಿಗೊಂದರಂತೆ ಒಂದಿಂಚಿನ ಒಣ ಪಟ್ಟಿಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಿ. ಪಟ್ಟಿ ಆಚೀಚೆಯಾದರೆ ಮರ ಅಲ್ಲೇ ಬಾಗುತ್ತದೆ. ತುದಿಗಳಿಗೆ ಹಳೆಯ ಬಣ್ಣವನ್ನೋ ಮೇಣವನ್ನೋ ದಪ್ಪಗೆ ಬಳಿಯಿರಿ, ಇಲ್ಲವಾದರೆ ತುದಿ ಮೊದಲು ಒಣಗಿ ಸೀಳುತ್ತದೆ. ಮೂರಿಂಚಿನ ತುಂಡಿಗೆ ಆರು ತಿಂಗಳಾದರೂ ಬೇಕು, ಮತ್ತಿಗೆ ಇನ್ನೂ ಹೆಚ್ಚು.

ಮರ ಉಬ್ಬುವುದು ಅಡ್ಡಕ್ಕೆ, ಉದ್ದಕ್ಕೆ ಅಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಗೂ ಮಳೆಗಾಲಕ್ಕೂ ತೇವ ಶೇ. 4ರಷ್ಟು ಬದಲಾದರೆ 600 ಮಿ.ಮೀ. ಅಗಲದ ಒಂದೇ ತೇಗದ ಹಲಗೆ ನಾಲ್ಕು ಮಿ.ಮೀ.ಗಿಂತ ಹೆಚ್ಚು ಹಿಗ್ಗಬಹುದು. ಅದೇ ಬಾಗಿಲನ್ನು 100 ಮಿ.ಮೀ. ಅಗಲದ ಎರಡು ನಿಲುವುಪಟ್ಟಿ, ನಡುವೆ ತೋಡಿನಲ್ಲಿ ಸಡಿಲವಾಗಿ ಕೂತ ಹಲಗೆ ಎಂದು ಮಾಡಿದರೆ ಹೊರ ಅಳತೆ ಬದಲಾಗುವುದು ಒಂದೂವರೆ ಮಿ.ಮೀ. ಮಾತ್ರ. ಹಳಬರು ದಿಳ್ಳೆ ಬಾಗಿಲು ಮಾಡುತ್ತಿದ್ದುದು ಬರೀ ಅಂದಕ್ಕಲ್ಲ. ಆ ನಡುಹಲಗೆಗೆ ಅಂಟು ಹಾಕಿದರೆ ಆಟ ಕೆಟ್ಟಿತು: ಹಿಗ್ಗಲು ಜಾಗವಿಲ್ಲದೆ ಮೂಲೆಯ ಕೂಡಿಕೆ ಬಿಚ್ಚುತ್ತದೆ, ಕುಗ್ಗುವಾಗ ಹಲಗೆ ನಡುವೆಯೇ ಸೀಳುತ್ತದೆ. ತೋಡು ಹಲಗೆಯ ಅಂಚಿಗಿಂತ ಎರಡು ಮೂರು ಮಿ.ಮೀ. ಆಳ ಹೆಚ್ಚಿರಲಿ.

ಘನ ಅಡಿಯ ಲೆಕ್ಕ

3.5×7 ಅಡಿಯ ಬಾಗಿಲಿಗೆ ಹೊಸ್ತಿಲೂ ಸೇರಿ 21 ಅಡಿ ಉದ್ದ ಬೇಕು. 5×3 ಇಂಚಿನ ತುಂಡಾದರೆ 15ನ್ನು 144ರಿಂದ ಭಾಗಿಸಿ 21ರಿಂದ ಗುಣಿಸಿ: 2.19 ಘನ ಅಡಿ. ಬಿಲ್ಲಿನಲ್ಲಿ 5×3 ಎಂದು ಬರೆದು, ಹತ್ತರಿ ಹೊಡೆದ ಮೇಲೆ ನಾಲ್ಕೂವರೆಗೆ ಎರಡೂಮುಕ್ಕಾಲು ಕೊಟ್ಟರೆ ನಿಮಗೆ ಸಿಕ್ಕಿದ್ದು 1.8 ಘನ ಅಡಿ, ಶೇ. 18 ಕಡಿಮೆ. ಮೋಸ ಎನ್ನಲಾಗದು, ಇದು ವ್ಯಾಪಾರದ ರೂಢಿ. ಅದಕ್ಕೇ ದರ ಹೋಲಿಸುವಾಗ ಎಲ್ಲರಿಂದಲೂ "ಕೆಲಸ ಮುಗಿದ ಅಳತೆ"ಯಲ್ಲೇ ಬೆಲೆ ಬರೆಸಿಕೊಳ್ಳಿ.

ನೀರು ಎಲ್ಲಿ ನಿಲ್ಲುತ್ತದೆ

ಮಂಗಳೂರು–ಉಡುಪಿಯ ಮಳೆಗೆ ಕಿಟಕಿ ಕೊಡುವವರು ಕೆಳಪಟ್ಟಿಯ ತಳವನ್ನು ಬಗ್ಗಿ ನೋಡಬೇಕು. ಹೊರಚಾಚಿದ ಅಂಚಿನಿಂದ 20 ಮಿ.ಮೀ. ಒಳಗೆ, 6 ಮಿ.ಮೀ. ಅಗಲ, ಅಷ್ಟೇ ಆಳದ ಒಂದು ಗೀರು ಉದ್ದಕ್ಕೂ ಇರಬೇಕು. ಮೇಲ್ಮೈಯಿಂದ ಇಳಿದ ಹನಿ ಅಂಚನ್ನು ಸುತ್ತಿ ತಳಕ್ಕೆ ಹರಿದು ಗೋಡೆಯ ಕಡೆ ತೆವಳುತ್ತದೆ. ಈ ಗೀರು ಸಿಕ್ಕಿದಲ್ಲಿ ಅದು ದಾಟಲಾರದೆ ಕೆಳಗೆ ಬೀಳುತ್ತದೆ. ಗೀರಿಗೆ ಬಣ್ಣ ತುಂಬಿ ಮುಚ್ಚಿಹೋದರೆ ಇದ್ದೂ ಇಲ್ಲದಂತೆ. ಕೆಳಪಟ್ಟಿಯ ಮೇಲ್ಮೈ ಹೊರಕ್ಕೆ ಇಳಿಜಾರಾಗಿರಲಿ, ಪಡಿಯ ಕೆಳ ಅಂಚಿನಲ್ಲೂ ಇಂಥದೇ ಗೀರು ಇರಲಿ.

ಬಾಗಿಲ ಚೌಕಟ್ಟಿನ ಕಾಲನ್ನು ನೆಲದಲ್ಲಿ ಹುಗಿಯುವ ಹಳೆ ಕ್ರಮ ಬಿಡಿ. ಕಾಂಕ್ರೀಟಿನಲ್ಲಿ ಮುಳುಗಿದ ತುದಿ ನೀರು ಹೀರಿ ಮೊದಲು ಅಲ್ಲೇ ಕೊಳೆಯುತ್ತದೆ, ಗೆದ್ದಲಿಗೂ ಅದೇ ದಾರಿ. ಗ್ರಾನೈಟ್ ತುಂಡಿನ ಮೇಲೆ ನಿಲ್ಲಿಸಿ. ಗೋಡೆಗೆ ತಾಗುವ ಬೆನ್ನಿಗೂ, ಮುಖ್ಯವಾಗಿ ಎರಡೂ ತುದಿಗಳಿಗೂ, ಎರಡು ಸುತ್ತು ಪ್ರೈಮರ್ ಆದಮೇಲೆಯೇ ಮರ ಗೋಡೆಗೆ ಹೋಗಲಿ. ಬದಿಗೆ ಮೂರರಂತೆ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿಯುವ ಕಬ್ಬಿಣದ ಪಟ್ಟಿ). ಪ್ಲಾಸ್ಟರ್ ಮುಗಿದು ಗೋಡೆ ಒಣಗಿದ ಮೇಲೆ ಚೌಕಟ್ಟನ್ನು ಆಂಕರ್ ಬೋಲ್ಟಿನಲ್ಲಿ ಕೂರಿಸುವುದು ಇನ್ನೂ ಒಳ್ಳೆಯದು, ಗಾರೆಯ ನೀರು ಮರಕ್ಕೆ ಇಳಿಯುವುದಿಲ್ಲ. ಇಷ್ಟಕ್ಕೆ ಮೇಸ್ತ್ರಿ ಗೊಣಗಬಹುದು. ಗೊಣಗಲಿ.

ಕರಾವಳಿಯಲ್ಲಿ ಸ್ಕ್ರೂ, ಕೀಲು ಹಿತ್ತಾಳೆಯದ್ದೋ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಲಿ. ಕಬ್ಬಿಣ ತುಕ್ಕು ಹಿಡಿಯುವುದಷ್ಟೇ ಅಲ್ಲ, ಮರದ ಟ್ಯಾನಿನ್ ಜೊತೆ ಸೇರಿ ಕಪ್ಪು ಕಲೆ ಮಾಡುತ್ತದೆ.

ಲೇಪ ಮತ್ತು ಮೂಗಿಗೆ ಬರುವ ವಾಸನೆ

ಗಟ್ಟಿ ಮರದಿಂದ ಮನೆಯ ಗಾಳಿಗೆ ತೊಂದರೆ ಕಡಿಮೆ. ತೊಂದರೆ ಬರುವುದು ಅಂಟು ಮತ್ತು ಲೇಪದಿಂದ. ಅಗ್ಗದ ಫ್ಲಶ್ ಬಾಗಿಲು, ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಯೂರಿಯಾ–ಫಾರ್ಮಾಲ್ಡಿಹೈಡ್ ಅಂಟು ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಲಗುವ ಕೋಣೆಗೆ ಫ್ಲಶ್ ಬಾಗಿಲೇ ಬೇಕೆಂದರೆ ಐಎಸ್ 2202 ಗುರುತಿನ ಜೊತೆ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆ ಕೇಳಿ, ಕೊಯ್ದ ಅಂಚುಗಳನ್ನೆಲ್ಲ ಮುಚ್ಚಿಸಿ.

ಮೆಲಮೈನ್ ಎಂಬ ಪಾರದರ್ಶಕ ಲೇಪ ಒಳಗೆ ಮಾತ್ರ. ಬಿಸಿಲಿಗೆ ಒಡ್ಡಿದರೆ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಕೆಳಗಿನ ಮರವನ್ನು ಕಪ್ಪಾಗಿಸುತ್ತದೆ. ಥಿನ್ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಲೇಪ ಗಟ್ಟಿ, ಆದರೆ ವಾಸನೆ ಹೋಗುವವರೆಗೆ ಎರಡು ವಾರವಾದರೂ ಕಿಟಕಿ ತೆರೆದಿಟ್ಟು ಆಮೇಲೆ ಮಕ್ಕಳನ್ನು ಮಲಗಿಸಿ. ನೀರು ಬೆರೆಸುವ ಪಿಯು ದುಬಾರಿಯಾದರೂ ಒಳಗಿಗೆ ಅದೇ ವಾಸಿ. ಹೊರಗಿನ ಕಿಟಕಿಗೆ, ಮರದ ಎಳೆ ಕಾಣಲೇಬೇಕೆಂಬ ಹಟವಿಲ್ಲದಿದ್ದರೆ, ಬಣ್ಣವೇ ಉತ್ತಮ ರಕ್ಷಣೆ. ಬಿಸಿಲಿನ ಅತಿನೇರಳೆ ಕಿರಣವನ್ನು ಅದು ತಡೆದಷ್ಟು ಯಾವ ಪಾರದರ್ಶಕ ಲೇಪವೂ ತಡೆಯುವುದಿಲ್ಲ. ಅಗಸೆ ಎಣ್ಣೆ ಒಳಗೆ ಚೆಂದ, ವರ್ಷಕ್ಕೊಮ್ಮೆ ಮತ್ತೆ ಒರೆಸಬೇಕು, ಕರಾವಳಿಯಲ್ಲಿ ಅದರ ಮೇಲೆ ಬೂಷ್ಟು ಕೂರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ಕರಾವಳಿಯ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಚೌಕಟ್ಟಿನ ಬೆನ್ನಿಗೆ ಒಳ್ಳೆಯ ಲೇಪ. ಕೈಗವಸಿಲ್ಲದೆ ಮುಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಹಳೆ ಮರ

ಕೆಡವಿದ ಮನೆಗಳ ಬಾಗಿಲು–ತೊಲೆಗಳು ಈ ಇಡೀ ಹೋಲಿಕೆಯಲ್ಲಿ ಪರಿಸರಕ್ಕೆ ಅತಿ ಹಗುರ, ಮತ್ತು ಪೂರ್ತಿ ಒಣಗಿರುತ್ತವೆ. ಹೊನ್ನೆಯಂಥ ಮರವನ್ನು ಹೊಸದಾಗಿ ಕಡಿಸುವ ಬದಲು ಹಳೆಯದನ್ನೇ ಹುಡುಕಿ ಎನ್ನುತ್ತೇವೆ. ಒಂದೇ ಎಚ್ಚರಿಕೆ ಹಳೆ ಬಣ್ಣದ ಬಗ್ಗೆ. ನಮ್ಮಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ ಎಂದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣದಾಗಿ ಮರಳುಕಾಗದದಿಂದ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ರಾಸಾಯನಿಕ ಸ್ಟ್ರಿಪ್ಪರ್ ಹಾಕಿ ಒದ್ದೆಯಾಗಿಯೇ ಕೆರೆಯಿಸಿ, ಮಾಸ್ಕ್ ಹಾಕಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಕೊಯ್ಯುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಇಲ್ಲವಾದರೆ ಗಿರಣಿಯವನು ಗರಗಸದ ದುಡ್ಡನ್ನೂ ನಿಮ್ಮಿಂದಲೇ ವಸೂಲಿ ಮಾಡುತ್ತಾನೆ.

ಸ್ವಂತ ಜಮೀನಿನ ಮರವಾದರೂ ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಹಲವು ಜಾತಿಗಳಿಗೆ ಅನುಮತಿ ಬೇಕು, ಸಾಗಿಸಲು ಪಾಸ್ ಬೇರೆ.

ಮರ ಬೇಡವಾದ ಜಾಗಗಳು

ಬಚ್ಚಲಿಗೆ ಗ್ರಾನೈಟ್ ಚೌಕಟ್ಟು ಹಾಕಿಸಿ, ಮರದ ಚೌಕಟ್ಟಿನ ಕೆಳಗಿನ ಅರ್ಧ ಅಡಿ ಅಲ್ಲಿ ಉಳಿಯುವುದಿಲ್ಲ. ಪಡಿಗೆ ಡಬ್ಲ್ಯುಪಿಸಿ (ಮರದ ಪುಡಿ–ಪ್ಲಾಸ್ಟಿಕ್ ಬೆರೆಸಿದ ಹಲಗೆ) ನಡೆಯುತ್ತದೆ, ಆದರೆ ಅದಕ್ಕೆ ಸ್ಕ್ರೂ ಹಿಡಿತ ಕಡಿಮೆ, ಎರಡರ ಬದಲು ನಾಲ್ಕು ಕೀಲು ಕೊಡಿಸಿ. ಸಜ್ಜಾ ಇಲ್ಲದ ಪಶ್ಚಿಮ ಗೋಡೆಗೂ, ಹೊರಗಿನಿಂದ ಬಣ್ಣ ಹೊಡೆಯಲು ಕೈಗೆಟುಕದ ಮೇಲಂತಸ್ತಿನ ಫ್ಲ್ಯಾಟಿಗೂ ಪೌಡರ್ ಲೇಪದ ಅಲ್ಯೂಮಿನಿಯಂ ಅಥವಾ ಯುಪಿವಿಸಿಯ ಪಡಿ ಕಿಟಕಿಯೇ ಸರಿ. ನಿರ್ವಹಣೆ ಸಿಗದ ಮರ ಹತ್ತು ವರ್ಷದೊಳಗೆ ಗುಜರಿಗೆ ಹೋದರೆ ಅದನ್ನು ಪರಿಸರಸ್ನೇಹಿ ಎನ್ನಲಾಗದು.

ಉಳಿದ ಕಡೆ ಮರ ಹಾಕಿದವರಿಗೆ ಮೊದಲ ಮಳೆಗಾಲದ ಮಾತು ಒಂದಿದೆ. ಜುಲೈಯಲ್ಲಿ ಕದ ಬಿಗಿಯಾಯಿತೆಂದು ಬಡಗಿಯನ್ನು ಕರೆಸಿ ಹತ್ತರಿ ಹೊಡೆಸಬೇಡಿ, ಮಾರ್ಚಿಗೆ ಅದೇ ಜಾಗದಲ್ಲಿ ಬೆಳಕು ಕಾಣುತ್ತದೆ. ಮೊದಲು ಪಡಿಯ ಮೇಲಿನ ಮತ್ತು ಕೆಳಗಿನ ಅಂಚಿಗೆ ಲೇಪ ಬಿದ್ದಿದೆಯೇ ಎಂದು ಕೈಗನ್ನಡಿ ಹಿಡಿದು ನೋಡಿ. ಬಣ್ಣದವರು ಬಿಟ್ಟುಬಿಡುವುದು ಅದನ್ನೇ. ಬಿಟ್ಟಿದ್ದರೆ ಮಳೆ ನಿಂತು ಮರ ಒಣಗಿದ ಮೇಲೆ ಬಳಿಸಿ. ಮುಂದಿನ ಮಳೆಗಾಲದಲ್ಲೂ ಬಿಗಿಯಾದರೆ ಆಗ ಎರಡು ಮಿ.ಮೀ. ತೆಗೆಸಿ, ತೆಗೆದ ಮುಖಕ್ಕೆ ಅದೇ ದಿನ ಲೇಪ ಹಾಕಿಸಿ.